ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಲೋಗೋ: ಆ ಸೊನ್ನೆ ಯಾಕೆ ವಾಲಿದೆ, 3ಡಿಯಲ್ಲಿ ಯಾಕೆ ಕೂರುತ್ತಿಲ್ಲ?

ದೀಪಸ್ತಂಭ (ಪ್ರಶ್ನೆ)

ಕಿರುಚಿತ್ರವೊಂದಕ್ಕೆ ಹಳೇ ಸ್ಟುಡಿಯೋ ಶೈಲಿಯ ಆರಂಭದ ಲೋಗೋ ಮಾಡಬೇಕಿದೆ. ಮಾದರಿಗೆ ಇಟ್ಟುಕೊಂಡಿರುವುದು ಫಾಕ್ಸ್ ಕಂಪನಿಯ 1953ರ ಸಿನಿಮಾಸ್ಕೋಪ್ (ಅಗಲ ಪರದೆ) ಕಾಲದ್ದು. ಮೊದಲು ಮೂಲವನ್ನೇ ಬ್ಲೆಂಡರ್‌ನಲ್ಲಿ (3ಡಿ ಸಾಫ್ಟ್‌ವೇರ್) ಕಟ್ಟಿ ಕ್ಯಾಮೆರಾ ಹೊಂದಿಸಿಕೊಂಡು, ಆಮೇಲೆ ಇಂಗ್ಲಿಷ್ ಅಕ್ಷರ ಕಿತ್ತು ಕನ್ನಡ ಅಕ್ಷರ ಕೂರಿಸೋದು ಅಂತ ಲೆಕ್ಕ. ಸಿಕ್ಕಿಹಾಕಿಕೊಂಡಿರೋದು ಇಲ್ಲಿ:

ಎಫ್‌ಸ್ಪೈನಲ್ಲಿ (ಚಿತ್ರದಿಂದ ಕ್ಯಾಮೆರಾ ಕೋನ ಲೆಕ್ಕ ಹಾಕುವ ಸಾಧನ) ಸ್ಟಿಲ್ ಹಾಕಿ ಕೆಳಗಿನ ‘ಫಾಕ್ಸ್’ ಸಾಲಿಗೆ ಕ್ಯಾಮೆರಾ ಹೊಂದಿಸಿದರೆ ಮಧ್ಯದ ‘ಸೆಂಚುರಿ’ ಸಾಲೂ ಹೆಚ್ಚುಕಮ್ಮಿ ಕೂರುತ್ತೆ. ಮೇಲಿನ ‘20’ರ ಸೊನ್ನೆ ಮಾತ್ರ ಜಪ್ಪಯ್ಯ ಅಂದರೂ ಕೂರಲ್ಲ. ಸೊನ್ನೆಗೆ ಹೊಂದಿಸಿದರೆ ಉಳಿದದ್ದೆಲ್ಲ ಹಾಳು. ಅದು ಸ್ವಲ್ಪ ಒಂದು ಕಡೆ ವಾಲಿದ ಹಾಗಿದೆ. ಪ್ರಿಂಟಿನ ದೋಷವಾ, ಬೇಕಂತಲೇ ಮಾಡಿದ್ದಾ?

ಸರ್ಚ್‌ಲೈಟ್‌ಗೆ ವಾಲ್ಯೂಮ್ ಸ್ಕ್ಯಾಟರ್ (ಗಾಳಿಯಲ್ಲಿ ಬೆಳಕು ಚೆದುರುವ ಪರಿಣಾಮ) ಹಾಕಿದ್ದೀನಿ. ಬೆಳಕಿನ ಕೋಲುಗಳು ಟಾರ್ಚ್ ಬಿಟ್ಟ ಹಾಗೆ ಅಗಲವಾಗಿ ಕಾಣುತ್ತವೆ, ಬೀಸುವಾಗ ತಡವರಿಸುತ್ತವೆ. ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಬರ್ತಿದೆ.

ಇನ್ನೊಂದು, ಹೋಲಿಸೋಕೆ ಇಟ್ಟ ವಿಸಿಡಿಯಲ್ಲೂ ಬ್ಲೂ-ರೇಯಲ್ಲೂ ತುತ್ತೂರಿಯ ಶ್ರುತಿ ಬೇರೆ ಬೇರೆ. ಸರಿಯಾದದ್ದು ಯಾವುದು? ಕೊನೆಗೆ ಡಿಸಿಪಿ (ಥಿಯೇಟರಿಗೆ ಕೊಡುವ ಡಿಜಿಟಲ್ ಪ್ರತಿ) ಮಾಡಿಸಬೇಕು, ಅಳತೆಯನ್ನೂ ಹೇಳಿದರೆ ಉಪಕಾರ.

ಗಾಜುಪರದೆ

ದೀಪಸ್ತಂಭ ಅವರೇ, ನಿಮ್ಮ ಕೆಲಸದಲ್ಲಿ ತಪ್ಪಿಲ್ಲ. ನೀವು ಹೊಂದಿಸೋಕೆ ಹೊರಟಿರುವುದು ಕಟ್ಟಡವೇ ಅಲ್ಲ, ಚಿತ್ರ. ಇದೊಂದು ತಲೆಯಲ್ಲಿದ್ದರೆ ಉಳಿದ ತೊಡಕು ಅರ್ಧ ಕರಗುತ್ತೆ.

1933ರಲ್ಲಿ ಜೋಸೆಫ್ ಶೆಂಕ್, ಡ್ಯಾರಿಲ್ ಝ್ಯಾನಕ್ ಸೇರಿ ಟ್ವೆಂಟಿಯತ್ ಸೆಂಚುರಿ ಪಿಕ್ಚರ್ಸ್ ಶುರು ಮಾಡಿದಾಗ ಈ ಲೋಗೋ ಬರೆದವರು ಎಮಿಲ್ ಕೋಸಾ ಜೂನಿಯರ್. ಅವರು ನಿಸರ್ಗದೃಶ್ಯಗಳ ಚಿತ್ರಕಾರ, ಆಮೇಲೆ ಫಾಕ್ಸ್‌ನ ಮ್ಯಾಟ್ ಪೇಂಟಿಂಗ್ (ಸಿನಿಮಾ ದೃಶ್ಯದ ಜೊತೆ ಬೆಸೆಯುವ ಚಿತ್ರ) ಕಲಾವಿದ. 1968ರ ‘ಪ್ಲಾನೆಟ್ ಆಫ್ ದಿ ಏಪ್ಸ್’ ಕೊನೆಯಲ್ಲಿ ಮರಳಲ್ಲಿ ಹೂತ ಲಿಬರ್ಟಿ ಪ್ರತಿಮೆ ಇದೆಯಲ್ಲ, ಆ ಮ್ಯಾಟ್ ಚಿತ್ರವೂ ಅವರದೇ ಕೈಯದು. 1935ರಲ್ಲಿ ಈ ಕಂಪನಿ ಫಾಕ್ಸ್ ಫಿಲ್ಮ್ ಜೊತೆ ಒಂದಾದಾಗ ಕೆಳಗಿನ ‘ಪಿಕ್ಚರ್ಸ್, ಇಂಕ್.’ ಅನ್ನೋ ಸಾಲು ಹೋಗಿ ಆ ಜಾಗಕ್ಕೆ ‘ಫಾಕ್ಸ್’ ಬಂತು. ಮೇಲಿನ ಎರಡು ಸಾಲು ವಿಲೀನಕ್ಕಿಂತ ಹಳೆಯವು. ಅಂದರೆ ನೀವು ಮೂಲ ಆಧಾರ ಅಂತ ಹಿಡಿದ ಕೆಳಗಿನ ಸಾಲೇ ಆ ಚಿತ್ರದಲ್ಲಿ ಕೊನೆಗೆ ಬಂದದ್ದು.

ಚಿತ್ರವನ್ನು ಒಂದೇ ಹಲಗೆ ಮೇಲೆ ಬರೆದಿಲ್ಲ. ಹಲವು ಗಾಜಿನ ಪದರಗಳ ಮೇಲೆ ಬರೆದು, ಒಂದೊಂದೇ ಫ್ರೇಮ್ ಅನಿಮೇಟ್ ಮಾಡಿದ್ದು. ಗಾಜಿನ ಕೆಲಸದ ತತ್ವ ಸರಳ: ಹಿಂದಿನ ಗಾಜಿನಲ್ಲಿ ಆಕಾಶ, ಮುಂದಿನದರಲ್ಲಿ ಅಕ್ಷರ, ನಡುವೆ ಬೆಳಕು. ನಡುವಿನ ಪದರ ಅಲುಗಿದರೆ ಬೆಳಕು ತಾನಾಗೇ ಅಕ್ಷರದ ಹಿಂದೆ ಮರೆಯಾಗಿ ಆಚೆ ಕಡೆ ಹೊರಬರುತ್ತೆ, ಮಾಸ್ಕ್ ಕತ್ತರಿಸುವ ರಗಳೆಯೇ ಇಲ್ಲ. ಆದರೆ ಒಂದು ಕಟ್ಟುಪಾಡು ಉಂಟು. ಗಾಜುಗಳ ನಡುವೆ ಅಂತರ ಇರೋದರಿಂದ ಕ್ಯಾಮೆರಾ ಕೂದಲೆಳೆ ಅತ್ತಿತ್ತ ಆದರೂ ಪದರಗಳು ಒಂದರ ಮೇಲೊಂದು ಜಾರಿ, ಗುಟ್ಟು ರಟ್ಟು. ಕ್ಯಾಮೆರಾ ಕಲ್ಲಿನ ಹಾಗೆ ನಿಂತಿರಬೇಕು. 1994ರವರೆಗೆ ಈ ಲೋಗೋದಲ್ಲಿ ಚಲಿಸಿದ್ದು ಬೆಳಕು ಮಾತ್ರ, ನೋಡುವ ಕಣ್ಣು ನಿಂತಲ್ಲೇ ನಿಂತಿತ್ತು.

ಹಾಗಾಗಿ ವಾಲ್ಯೂಮ್ ಸ್ಕ್ಯಾಟರ್ ಬಿಟ್ಟುಬಿಡಿ, ಬೆಳಕನ್ನೂ ಪದರವಾಗಿಯೇ ಮಾಡಿ. ಒಂದು ಉದ್ದನೆಯ ಪ್ಲೇನ್ (ಚಪ್ಪಟೆ ಹಾಳೆ), ಅದಕ್ಕೆ ಎಮಿಷನ್ (ತಾನೇ ಬೆಳಗುವ ಗುಣ) ಮತ್ತು ಟ್ರಾನ್ಸ್‌ಪರೆಂಟ್ ಮಿಕ್ಸ್, ಬುಡದಿಂದ ತುದಿಗೆ ಕರಗುವ ಗ್ರೇಡಿಯಂಟ್ ಒಂದು, ಅಡ್ಡಕ್ಕೆ ಅಂಚು ಮಸುಕಾಗುವ ಗ್ರೇಡಿಯಂಟ್ ಇನ್ನೊಂದು. ತಿರುಗುವ ಬಿಂದು ಬುಡದಲ್ಲಿರಲಿ. ಅದು ಪ್ಲೇನ್‌ನ ಮಧ್ಯದಲ್ಲಿದ್ದರೆ ಬೆಳಕು ಫ್ಯಾನ್ ರೆಕ್ಕೆ ಥರ ಸುತ್ತುತ್ತೆ.

ಟಾರ್ಚ್ ಥರ ಕಾಣೋದಕ್ಕೆ ಕಾರಣ ಕೋನ. ಹಾಲಿವುಡ್‌ನ ಮೊದಲ ಪ್ರದರ್ಶನಗಳಲ್ಲಿ ಬಳಸುತ್ತಿದ್ದದ್ದು ಕಾರ್ಬನ್ ಆರ್ಕ್ ಸರ್ಚ್‌ಲೈಟ್. ಎರಡು ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ಕಿಡಿ ಪ್ಯಾರಾಬೋಲಾ ಕನ್ನಡಿಯ ಫೋಕಸ್ ಬಿಂದುವಿನಲ್ಲಿ ಕೂತಿರುತ್ತೆ, ಹೊರಬರುವ ಬೆಳಕು ಹೆಚ್ಚುಕಡಿಮೆ ಸಮಾನಾಂತರ. ಹರಡೋದು ಒಂದೆರಡು ಡಿಗ್ರಿ ಅಷ್ಟೇ. ಬ್ಲೆಂಡರ್‌ನ ಸ್ಪಾಟ್ ಲೈಟ್ ತಾನಾಗಿ ಕೊಡೋದು 45 ಡಿಗ್ರಿ. ಅದು ಬೀದಿದೀಪದ ಕೋನ, ಸರ್ಚ್‌ಲೈಟಿನದ್ದಲ್ಲ.

ತಡವರಿಕೆಗೂ ಲೆಕ್ಕ ಇದೆ. ಕೋಲು 60 ಡಿಗ್ರಿಯನ್ನು 4 ಸೆಕೆಂಡಿನಲ್ಲಿ ಬೀಸುತ್ತೆ ಅನ್ನಿ. 96 ಫ್ರೇಮ್, ಅಂದರೆ ಫ್ರೇಮಿಗೆ 0.625 ಡಿಗ್ರಿ. ಬುಡದಿಂದ 1000 ಪಿಕ್ಸೆಲ್ ದೂರದ ತುದಿ ಫ್ರೇಮಿಗೆ ಸುಮಾರು 11 ಪಿಕ್ಸೆಲ್ ಜಿಗಿಯುತ್ತೆ. ಅಂಚು ಚಾಕುವಿನ ಹಾಗೆ ಚೂಪಾಗಿದ್ದರೆ ಆ ಜಿಗಿತ ಕಣ್ಣಿಗೆ ರಾಚುತ್ತೆ. ಅಂಚಿನ ಮಸುಕು ಜಿಗಿತದ ಎರಡರಷ್ಟಾದರೂ ಇರಲಿ, 22ರಿಂದ 30 ಪಿಕ್ಸೆಲ್. ಜೊತೆಗೆ ಮೋಷನ್ ಬ್ಲರ್ ಶಟರ್ 0.5. ಬೀಸಿನ ಎರಡು ತುದಿಯಲ್ಲೂ ನಿಧಾನವಾಗಿ ನಿಂತು ತಿರುಗಲಿ. ಎಲ್ಲ ಕೋಲಿಗೂ ಒಂದೇ ಅವಧಿ ಕೊಟ್ಟರೆ ಕವಾಯತು ಮಾಡಿದ ಹಾಗೆ ಕಾಣುತ್ತೆ, 83, 97, 110 ಫ್ರೇಮ್ ಅಂತ ಹೊಂದದ ಸಂಖ್ಯೆ ಕೊಡಿ.

ಸ್ಕೋಪ್‌ಲೆನ್ಸ್

ಸೊನ್ನೆ ಪ್ರಿಂಟಿನ ದೋಷ ಅಲ್ಲ. ಬೇಕಂತಲೇ ವಾಲಿಸಿದ್ದು.

1953ರಲ್ಲಿ ಫಾಕ್ಸ್ ಸಿನಿಮಾಸ್ಕೋಪ್ ತಂದಾಗ ಪರದೆ 1.37:1ರಿಂದ 2.55:1ಕ್ಕೆ ಅಗಲವಾಯಿತು. ಹಳೇ ಲೋಗೋ ಚೌಕಕ್ಕೆ ಹತ್ತಿರದ ಪರದೆಗೆ ಅಂತ ಬರೆದದ್ದು. ಪೆಸಿಫಿಕ್ ಟೈಟಲ್ ಸಂಸ್ಥೆಯ ಕಲಾವಿದ ರಾಕಿ ಲಾಂಗೋ ಅವರಿಗೆ ಹೊಸದಾಗಿ ಬರೆಯುವ ಕೆಲಸ ಬಂತು. ಅಗಲ ಪರದೆಯಲ್ಲೂ ಪ್ರಮಾಣ ಕೆಡಬಾರದು ಅಂತ ಅವರು ‘20’ರ ಸೊನ್ನೆಯನ್ನು ವಾಲಿಸಿ ಬರೆದರು.

ಬರೀ ಎಳೆದು ಅಗಲ ಮಾಡಿದ್ದರೆ ಏನಾಗ್ತಿತ್ತು ಅನ್ನೋದನ್ನ ಲೆಕ್ಕ ಹಾಕಿ ನೋಡಿ. 2.55ನ್ನು 1.37ರಿಂದ ಭಾಗಿಸಿದರೆ 1.86. ಅಡ್ಡಕ್ಕೆ ಅಷ್ಟು ಎಳೆದರೆ 30 ಡಿಗ್ರಿ ಇಳಿಜಾರಿನ ಗೆರೆ 17 ಡಿಗ್ರಿಗೆ ಮಲಗುತ್ತೆ. ಈ ಲೋಗೋದ ಜೀವವೇ ಕೆಳಗಿನಿಂದ ಕತ್ತೆತ್ತಿ ನೋಡುವ ಆ ಇಳಿಜಾರಿನಲ್ಲಿದೆ. ಅದು ಮಲಗಿದರೆ ಗೋಪುರ ಹೋಗಿ ಹಲಗೆ ಜೋಡಿಸಿಟ್ಟ ಹಾಗೆ ಆಗುತ್ತೆ. ನೇರ ಗೆರೆಯ ಅಕ್ಷರ ಹೇಗೋ ತಡೆದುಕೊಳ್ಳುತ್ತೆ, ಸೊನ್ನೆಯಂಥ ದುಂಡನೆಯದು ಎಳೆದ ತಕ್ಷಣ ಕುಂಬಳಕಾಯಿ. ಲಾಂಗೋ ಅದನ್ನು ಜ್ಯಾಮಿತಿಯಿಂದ ಸರಿಮಾಡಲಿಲ್ಲ, ಕಣ್ಣಳತೆಯಿಂದ ಸರಿಮಾಡಿದರು. ಈ ಲೋಗೋದ ಇತಿಹಾಸದಲ್ಲೇ ಅತ್ಯಂತ ಜಾಣ ಗೆರೆ ಅದು ಅಂತ ನನ್ನ ಅನಿಸಿಕೆ. ಸೊನ್ನೆಯನ್ನು ನೆಟ್ಟಗೆ ಮಾಡಿದ್ದು 1981ರಲ್ಲಿ. ಹಾಗಾಗಿ ಕೈಯಿಂದ ಬರೆದ ಲೋಗೋದ ಸ್ಟಿಲ್ ಸಿಕ್ಕರೆ, ಸೊನ್ನೆ ವಾಲಿದ್ದರೆ 1953ರ ಚಿತ್ರ, ಅಗಲ ಪರದೆಯಲ್ಲಿ ನೆಟ್ಟಗಿದ್ದರೆ 1981ರ ನಂತರದ್ದು.

ಬ್ಲೆಂಡರ್‌ನಲ್ಲಿ ಮಾಡಬೇಕಾದ್ದು ಇಷ್ಟು. ಎಫ್‌ಸ್ಪೈಗೆ ‘ಫಾಕ್ಸ್’ ಮತ್ತು ಮಧ್ಯದ ಸಾಲಿನ ಗೆರೆ ಮಾತ್ರ ಕೊಡಿ, ಸೊನ್ನೆಯನ್ನು ಮುಟ್ಟಲೇ ಬೇಡಿ. ಬಂದ ಕ್ಯಾಮೆರಾವನ್ನು ಲಾಕ್ ಮಾಡಿ. ಎಫ್‌ಸ್ಪೈ ಒಪ್ಪದಿದ್ದರೆ 36 ಮಿಮೀ ಸೆನ್ಸರ್, 24ರಿಂದ 28 ಮಿಮೀ ಫೋಕಲ್ ಲೆಂತ್‌ನಿಂದ ಕೈಯಲ್ಲೇ ಶುರು ಮಾಡಿ. ಆಮೇಲೆ ಸೊನ್ನೆಯನ್ನು ಬೇರೆ ಆಬ್ಜೆಕ್ಟ್ ಮಾಡಿ 2×2×2 ಲ್ಯಾಟಿಸ್ (ಮೂಲೆ ಎಳೆದರೆ ಒಳಗಿನ ಆಕಾರವೂ ಬಾಗುವ ಪಂಜರ) ಹಾಕಿ. ಕ್ಯಾಮೆರಾ ಕಣ್ಣಿನಲ್ಲೇ ನೋಡುತ್ತಾ, ಹಿಂದಿಟ್ಟ ಸ್ಟಿಲ್‌ಗೆ ಸರಿಯಾಗಿ ಲ್ಯಾಟಿಸ್‌ನ ಎಂಟು ಮೂಲೆ ಎಳೆಯಿರಿ. ಪಕ್ಕದಿಂದ ನೋಡಿದರೆ ಸೊನ್ನೆ ವಕ್ರವಾಗಿ, ಅಸಹ್ಯವಾಗಿ ಕಾಣುತ್ತೆ. ಕಾಣಲಿ ಬಿಡಿ, ಪಕ್ಕದಿಂದ ಯಾರೂ ನೋಡಲ್ಲ. ಅಪ್ಪಿತಪ್ಪಿಯೂ ಕ್ಯಾಮೆರಾಗೆ ಚಲನೆ ಕೊಡಬೇಡಿ, ಎರಡು ಡಿಗ್ರಿ ತಿರುಗಿದರೂ ಸೊನ್ನೆ ಬಾಗುತ್ತೆ.

ಕಪ್ಪು_ಐದು

ಶ್ರುತಿದ್ದು ನಾ ಹೇಳ್ತೀನಿ. ಬ್ಲೂ-ರೇದಾಗಿಂದು ಖರೆ, ವಿಸಿಡಿದು ಏರಿದ್ದು.

ಥಿಯೇಟರಿನ್ಯಾಗ ಫಿಲ್ಮ್ ಓಡೋದು ಸೆಕೆಂಡಿಗೆ 24 ಫ್ರೇಮ್. ನಮ್ಮ ದೇಶದ ಟಿವಿ, ವಿಸಿಡಿ ಎಲ್ಲಾ ಪಾಲ್ ಪದ್ಧತಿ, 25 ಫ್ರೇಮ್. ಸಾಮಾನ್ಯವಾಗಿ ಮಾಡ್ತಿದ್ದದ್ದು ಏನಪಾ ಅಂದ್ರ, 24 ಫ್ರೇಮಿನ ಸಿನಿಮಾನ ಹಂಗ 25ಕ್ಕ ಓಡಿಸಿಬಿಡೋದು. ವೇಗ 4 ಪರ್ಸೆಂಟ್ ಚಿಲ್ಲರೆ ಏರ್ತದ, ಅದರ ಜೋಡಿ ಶ್ರುತಿನೂ 0.7 ಸೆಮಿಟೋನ್ ಏರ್ತದ. ಈ ಫ್ಯಾನ್‌ಫೇರ್ (ಲೋಗೋದ ತುತ್ತೂರಿ ಸಂಗೀತ) ಇರೋದು ಬಿ ಫ್ಲ್ಯಾಟ್ ಮೇಜರ್. ಹಾರ್ಮೋನಿಯಂ ಪೆಟ್ಟಿಗಿ ಮ್ಯಾಲ ಹೇಳೂದಾದ್ರ ಕಪ್ಪು ಐದು. ಪಾಲ್ ಪ್ರತಿ ಒಳಗ ಅದು ಬಿಳಿ ಏಳರ ಸನೇಕ ಹೋಗಿ, ಆ ಕಡಿನೂ ಅಲ್ಲ ಈ ಕಡಿನೂ ಅಲ್ಲ ಅನ್ನೂವಂಗ ನಿಂತಿರ್ತದ. ಟಿವಿ, ವಿಸಿಡಿ ಮ್ಯಾಲ ಕೇಳಿ ಕಿವಿ ಕೂತವರಿಗೆ ಥಿಯೇಟರಿಂದು ಇಳಿದಂಗ ಕೇಳಸ್ತದ. ಅದು ಥಿಯೇಟರಿನ ತಪ್ಪಲ್ಲ.

ಸರಿ ಮಾಡೂದು ಭಾಳ ಸರಳ. ಆಡಾಸಿಟಿ (ಧ್ವನಿ ತಿದ್ದೂ ಸಾಫ್ಟ್‌ವೇರ್) ಒಳಗ ಸ್ಪೀಡ್ ಬದಲ್ ಮಾಡೂ ಆಯ್ಕೆ ತಗೊಂಡು 0.960 ಹಾಕ್ರಿ. ಟೆಂಪೋ ಬದಲ್ ಮಾಡೂದು ಹಾಕಬ್ಯಾಡ್ರಿ, ಅದು ಲಯ ಅಷ್ಟ ಇಳಸ್ತದ, ಶ್ರುತಿ ಏರಿದ್ದು ಏರಿದಂಗ ಉಳೀತದ.

ಇನ್ನ ಸಂಗೀತದ ಇತಿಹಾಸ. ಬರದವರು ಆಲ್ಫ್ರೆಡ್ ನ್ಯೂಮನ್, 1933. ಅವಾಗ ಗಿಡ್ಡಂದು ಇತ್ತು: ಡ್ರಮ್ ಮೊದಲಾಗಿ ಹಿತ್ತಾಳಿ ವಾದ್ಯ ಏರಿ ಮುಗೀತಿತ್ತು. ಸಿನಿಮಾಸ್ಕೋಪ್ ಬಂದ ಮ್ಯಾಲ ಫಾಕ್ಸ್ ಲೋಗೋ ಆದ ಮ್ಯಾಲ ‘ಸಿನಿಮಾಸ್ಕೋಪ್’ ಅನ್ನೂ ಇನ್ನೊಂದು ಫಲಕ ಬರ್ಲಿಕ್ಕೆ ಹತ್ತಿತು. ಆ ಹೊತ್ತು ಪರದೆ ಸುಮ್ಮ ಇರಬಾರದಂತ ನ್ಯೂಮನ್ ತಂತಿ ವಾದ್ಯಗಳ ಒಂದು ತುಣುಕು ಬೆಳಸಿದರು. ನೀವು ಗುನುಗೂ ಉದ್ದನ ರಾಗದ ಎರಡನೇ ಭಾಗ ಅಂದ್ರ ಅದ. ಸಿನಿಮಾಸ್ಕೋಪ್ ಹೋದ ಮ್ಯಾಲ ಅದೂ ಮೂಲಿ ಸೇರಿತ್ತು. 1977ರಾಗ ಜಾರ್ಜ್ ಲೂಕಸ್ ‘ಸ್ಟಾರ್ ವಾರ್ಸ್’ಗೆ ಅದ ಬೇಕು ಅಂತ ಹಟ ಹಿಡದು ಹಾಕಿಸಿದರು. ಜಾನ್ ವಿಲಿಯಮ್ಸ್ ತಮ್ಮ ಮುಖ್ಯ ರಾಗಾನ ಅದ ಬಿ ಫ್ಲ್ಯಾಟ್ ಒಳಗ ಬರದರು. ಹಂಗಾಗಿ ಒಂದು ಮುಗದು ಇನ್ನೊಂದು ಸುರು ಆಗೂದು ಬ್ಯಾರೆ ಹಾಡು ಅನಸೂದ ಇಲ್ಲ, ಆಲಾಪ ಮುಗಿಸಿ ಚೀಜಿಗೆ ಬಂದಂಗ ಇರ್ತದ.

ಮುಂದಿನ ಧ್ವನಿಮುದ್ರಣ: 1980ರಾಗ ವಿಲಿಯಮ್ಸ್ ತಾವ ನಿಂತು ಒಂದು ಮಾಡಿಸಿದರು. 1994ರಾಗ ಬ್ರೂಸ್ ಬ್ರಾಟನ್, 21 ಸೆಕೆಂಡಿಂದು. 1997ರಾಗ ನ್ಯೂಮನ್ ಮಗ ಡೇವಿಡ್ ನ್ಯೂಮನ್. ಅಪ್ಪ ಬರದದ್ದನ್ನ ಮಗ, ಅದೂ ಅಪ್ಪನ ಹೆಸರಿನ ಧ್ವನಿಮುದ್ರಣ ಅಂಗಳದಾಗ ಬಾರಿಸಿದ್ದು.

ನಿಮ್ಮ ಕಿರುಚಿತ್ರಕ್ಕ ಆ ಸಂಗೀತ ಮಾತ್ರ ಎತ್ತಬ್ಯಾಡ್ರಿ. ನಮ್ಮ ಕಾಯ್ದೆ ಒಳಗ ಸಂಗೀತ ಕೃತಿ ಹಕ್ಕು ರಚಿಸಿದವರು ತೀರಿಕೊಂಡು 60 ವರ್ಷದ ತನಕ ಇರ್ತದ, ನ್ಯೂಮನ್ ತೀರಿಕೊಂಡದ್ದು 1970. ಅದೂ ಅಲ್ಲದ ಇಂಥಾ ಲೋಗೋ ಅಂದ್ರ ಟ್ರೇಡ್‌ಮಾರ್ಕ್, ಅದಕ್ಕ ಇಂಥಾ ವರ್ಷ ಮುಗೀತದ ಅನ್ನೂದ ಇಲ್ಲ. ಭಾರತದಾಗ 2017ರ ಟ್ರೇಡ್‌ಮಾರ್ಕ್ ನಿಯಮದ ಪ್ರಕಾರ 30 ಸೆಕೆಂಡಿನ ಒಳಗಿನ ಧ್ವನಿನೂ ನೋಂದಣಿ ಮಾಡಿಸಬಹುದು. ಡೊಳ್ಳು, ಕಹಳಿ ತಗೊಂಡು ನಿಮ್ಮದ ಒಂದು 12 ಸೆಕೆಂಡಿಂದು ಕಟ್ಟರಿ, ಭಾಳ ಛಲೋ ಆಗ್ತದ.

ದೀಪಸ್ತಂಭ

ಸೊನ್ನೆ ಕೂತಿತು! ಲ್ಯಾಟಿಸ್‌ನ ಎಂಟು ಮೂಲೆಯಲ್ಲಿ ಆರು ಎಳೆದಿದ್ದಷ್ಟೇ. ಬೆಳಕಿನ ಕೋಲೂ ಪ್ಲೇನ್ ಮಾಡಿದ ಮೇಲೆ ರೆಂಡರ್ ಎಷ್ಟೋ ಹಗುರವಾಗಿದೆ.

ಈಗ ಎರಡು ತೊಡಕು. ಆಕಾಶದ ಪಟ್ಟೆ ಇನ್ನೂ ಹೋಗಿಲ್ಲ. ಕನ್ನಡ ಅಕ್ಷರ ಹಾಕಿದರೆ ಒತ್ತಕ್ಷರ ಕೆಳಗಿನ ಸಾಲಿನೊಳಗೆ ಇಳಿಯುತ್ತೆ, ‘ರ’, ‘ಠ’ ಥರದವು ತಳದಲ್ಲಿ ದುಂಡಗಿರೋದರಿಂದ ಉರುಳಿಬೀಳೋ ಹಾಗೆ ಕಾಣುತ್ತವೆ. ಜೊತೆಗೆ ತಂಡದವರು 1994ರದ್ದರ ಹಾಗೆ ಕ್ಯಾಮೆರಾ ಸುತ್ತಿ ಬರಲಿ ಅಂತಿದ್ದಾರೆ. ಆಗುತ್ತಾ?

ಗೋಪುರದಮೇಲೆ

ಕ್ಯಾಮೆರಾ ಸುತ್ತಬೇಕಾದರೆ ವಾಲಿದ ಸೊನ್ನೆಯ ಮಾದರಿ ಕೈಬಿಡಬೇಕು. ಎರಡೂ ಒಟ್ಟಿಗೆ ಆಗಲ್ಲ, ಫಾಕ್ಸ್‌ಗೂ ಆಗಿರಲಿಲ್ಲ.

1994ರ ಲೋಗೋ ಮಾಡಿಸಿದವರು ಫಾಕ್ಸ್‌ನ ಟಿವಿ ನಿರ್ಮಾಪಕ ಕೆವಿನ್ ಬರ್ನ್ಸ್. ಅದಕ್ಕೂ ಮುಂಚೆ ಕೆಲವು ಪ್ರಯತ್ನಗಳು ಕೈಕೊಟ್ಟಿದ್ದವು. ಗೋಪುರವನ್ನು ನಿಜವಾದ ಮೂರು ಆಯಾಮದ ಮಾಡೆಲ್ ಮಾಡಿ ಶೂಟ್ ಮಾಡಲು ನೋಡಿದ್ದೂ ಅದರಲ್ಲಿ ಒಂದು. ಅಲ್ಲಿಂದ ಕಂಪ್ಯೂಟರ್ ಗ್ರಾಫಿಕ್ಸ್‌ಗೆ ಹೋದರು. ಕ್ಯಾಮೆರಾ ಗೋಪುರದ ತಲೆಯ ಹತ್ತಿರದಿಂದ ಹೊರಟು ಇಳಿಯುತ್ತಾ, ಸುತ್ತುತ್ತಾ ಬಂದು ಕೋಸಾ ಬರೆದ ಆ ಹಳೇ ಕೋನದಲ್ಲಿ ನಿಲ್ಲುತ್ತೆ. ಸುತ್ತಲೂ ಸಂಜೆಯ ಲಾಸ್ ಏಂಜಲೀಸ್. ಚಂದ ಇರೋದು ಆ ಕೊನೆಯ ನಿಲುಗಡೆಯಲ್ಲಿ. 60 ವರ್ಷ ಜನ ಒಂದೇ ಜಾಗದಿಂದ ನೋಡಿದ ಚಿತ್ರಕ್ಕೆ ಕ್ಯಾಮೆರಾ ಮೊದಲ ಸಲ ನಡೆದು ಬಂದು ಸೇರುತ್ತೆ.

2009ರಲ್ಲಿ ಇದನ್ನೇ ಬ್ಲೂ ಸ್ಕೈ ಸ್ಟುಡಿಯೋಸ್ ಹೊಸದಾಗಿ ಮಾಡಿತು, ಮೊದಲು ಬಂದದ್ದು ‘ಅವತಾರ್’ ಜೊತೆ. ಡಿಸ್ನಿ ಕೊಂಡ ಮೇಲೆ 2020ರಲ್ಲಿ ‘ಫಾಕ್ಸ್’ ಹೋಗಿ ‘ಸ್ಟುಡಿಯೋಸ್’ ಬಂತು, ಪಿಕ್ಚರ್‌ಮಿಲ್ ಅದನ್ನು ಅನಿಮೇಟ್ ಮಾಡಿತು. ನಾಲ್ಕು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಏಳು, ಅಂದರೆ ಪ್ರತಿ ಅಕ್ಷರವೂ ಸಣ್ಣದಾಗಲೇಬೇಕು.

(ತಿದ್ದುಪಡಿ: ‘ಫಾಕ್ಸ್’ ಇಂಗ್ಲಿಷಿನಲ್ಲಿ ಮೂರಕ್ಷರ, ‘ಸ್ಟುಡಿಯೋಸ್’ ಏಳು. ಮೇಲೆ ಅವಸರದಲ್ಲಿ ನಾಲ್ಕು ಅಂತ ಬರೆದೆ.)

ಮೂರಕ್ಷರ ಅಷ್ಟಗಲ ಕಾಲೂರಿ ನಿಂತಿದ್ದಕ್ಕೇ ಮೇಲಿನ ಎರಡು ಸಾಲಿನ ಭಾರ ಅದು ಹೊತ್ತ ಹಾಗೆ ಕಾಣುತ್ತಿತ್ತು. ಹೊಸದರಲ್ಲಿ ಆ ಬಲ ಕಮ್ಮಿ ಅನ್ನೋದು ನನ್ನ ಅಭಿಪ್ರಾಯ. ನಿಮಗೂ ಇದೇ ಪಾಠ: ಕೆಳಗಿನ ಸಾಲಿಗೆ ಎರಡು ಮೂರು ಅಕ್ಷರದ ಪದ ಇಡಿ.

ಇನ್ನೊಂದು ಎಚ್ಚರ. ಹಳೇ ಸಿನಿಮಾದ ಡಿಸ್ಕಿನಲ್ಲಿ ಎಷ್ಟೋ ಸಲ ಹೊಸ ಲೋಗೋ ಅಂಟಿಸಿರುತ್ತಾರೆ. ಲೋಗೋ ನೋಡಿ ಸಿನಿಮಾದ ವರ್ಷ ಹೇಳಬೇಡಿ. ಕಂಪ್ಯೂಟರ್ ಕಾಲದ ಲೋಗೋಗಳಲ್ಲಿ ತಳದಲ್ಲಿ ‘ನ್ಯೂಸ್ ಕಾರ್ಪೊರೇಷನ್’ ಅನ್ನೋ ಸಣ್ಣ ಸಾಲು ಇದ್ದರೆ ಆ ಲೋಗೋ 2013ರ ಕಂಪನಿ ವಿಭಜನೆಗೆ ಮುಂಚಿನದು.

ಸ್ಕೋಪ್‌ಲೆನ್ಸ್

ಕನ್ನಡ ಅಕ್ಷರಕ್ಕೆ: ತಲೆಕಟ್ಟು ನಿಮ್ಮ ಪಾಲಿಗೆ ವರ. ಪ್ರತಿ ಸಾಲಿನ ಮೇಲಂಚಿನಲ್ಲೂ ಇಳಿಜಾರಿನ ಗೆರೆ ತಾನಾಗೇ ಸಿಗುತ್ತೆ, ಅದನ್ನು ದಪ್ಪ ಮಾಡಿ. ತೊಡಕು ಇರೋದು ತಳದಲ್ಲಿ. ಪ್ರತಿ ಸಾಲಿನ ಕೆಳಗೆ ಅಕ್ಷರದ ಎತ್ತರದ ಏಳನೇ ಒಂದು ಭಾಗದಷ್ಟು ದಪ್ಪದ ಪೀಠ ಕೊಡಿ. ದುಂಡು ತಳದ ಅಕ್ಷರವನ್ನು ಪೀಠದೊಳಗೆ ಸ್ವಲ್ಪ ಇಳಿಸಿ, ಎತ್ತರದ ನೂರಕ್ಕೆ ನಾಲ್ಕೈದರಷ್ಟು. ಬಿಂದುವಿನ ಮೇಲೆ ನಿಂತದ್ದು ಆಗ ಊರಿ ನಿಂತ ಹಾಗೆ ಕಾಣುತ್ತೆ. ಒತ್ತಕ್ಷರ ಇರುವ ಪದ ಮೇಲಿನ ಎರಡು ಸಾಲಿಗೆ ಬೇಡ. ಇರಲೇಬೇಕು ಅಂದರೆ ಪೀಠವನ್ನು ಒತ್ತಕ್ಷರದ ಎತ್ತರಕ್ಕೇ ಬೆಳೆಸಿ, ಅದರ ಮುಖದ ಮೇಲೆ ಉಬ್ಬುಕೆತ್ತನೆ ಥರ ಕೂರಿಸಿ.

ಪಟ್ಟೆ ಬರುತ್ತಿರುವುದು 8 ಬಿಟ್‌ನಿಂದ. ಕಡುನೀಲಿಯಿಂದ ಕಪ್ಪಿಗೆ ಇಳಿಯುವ ಆಕಾಶದಲ್ಲಿ ಬಳಕೆಯಾಗೋದು 256 ಮಟ್ಟದಲ್ಲಿ ಮೂವತ್ತೋ ನಲವತ್ತೋ. 858 ಸಾಲಿನ ಎತ್ತರಕ್ಕೆ ಅಷ್ಟನ್ನು ಹಂಚಿದರೆ ಒಂದೊಂದು ಪಟ್ಟೆ 20ಕ್ಕೂ ಹೆಚ್ಚು ಸಾಲು ದಪ್ಪ, ಕಾಣದೆ ಇರುತ್ತಾ? 16 ಬಿಟ್ ಇಎಕ್ಸ್ಆರ್ ಅಥವಾ ಟಿಫ್ ಫೈಲ್ ಆಗಿ ರೆಂಡರ್ ಮಾಡಿ, ಕೊನೆಗೆ ಸಣ್ಣ ಫಿಲ್ಮ್ ಗ್ರೇನ್ ಸೇರಿಸಿ. ಡಿನಾಯ್ಸ್ (ರೆಂಡರಿನ ಚುಕ್ಕೆ ಒರೆಸುವುದು) ಆದ ಮೇಲೆ ಸೇರಿಸಿ, ಮುಂಚೆ ಸೇರಿಸಿದರೆ ಡಿನಾಯ್ಸರ್ ಅದನ್ನೂ ಒರೆಸಿಹಾಕುತ್ತೆ. ಯೂಟ್ಯೂಬ್‌ಗೆ ಹಾಕಿದ ಪ್ರತಿಯಲ್ಲಿ ಪಟ್ಟೆ ಮತ್ತೆ ಸ್ವಲ್ಪ ಇಣುಕಬಹುದು, ಡಿಸಿಪಿ 12 ಬಿಟ್ ಆದ್ದರಿಂದ ಥಿಯೇಟರಿನಲ್ಲಿ ಬರಲ್ಲ.

ಅಳತೆ: 2ಕೆ ಡಿಸಿಪಿ ಸ್ಕೋಪ್ (ಹೆಚ್ಚು ಅಗಲದ್ದು) 2048×858, ಫ್ಲಾಟ್ (ಅಷ್ಟು ಅಗಲವಲ್ಲದ್ದು) 1998×1080, ಎರಡೂ 24 ಫ್ರೇಮ್. ನಿಮ್ಮ ಚಿತ್ರ ಸ್ಕೋಪ್ ಆಗಿದ್ದು ಲೋಗೋಗೆ ಮೂಲದ 2.55 ಅನುಪಾತವೇ ಬೇಕು ಅಂದರೆ 2048×803 ಆಗುತ್ತೆ, 804 ಇಟ್ಟುಕೊಳ್ಳಿ. ಮೇಲೆ 27, ಕೆಳಗೆ 27 ಸಾಲು ಕಪ್ಪು. ಚಿತ್ರ ಫ್ಲಾಟ್ ಆಗಿದ್ದರೆ 2.55 ಹಟ ಬಿಡಿ. 1998 ಅಗಲಕ್ಕೆ ಎತ್ತರ 784 ಮಾತ್ರ ಸಿಗುತ್ತೆ, ಲೋಗೋ ಮುಗಿದು ಚಿತ್ರ ಶುರುವಾದಾಗ ಪರದೆ ದಿಢೀರ್ ಎತ್ತರವಾಗಿ ಕಣ್ಣಿಗೆ ಹೊಡೆಯುತ್ತೆ. ಅಂಥ ಕಡೆ 1935ರ 1.37ರ ಮಾದರಿಯೇ ಒಳ್ಳೆಯದು: 1480×1080, ಎರಡು ಪಕ್ಕ 259 ಪಿಕ್ಸೆಲ್ ಕಪ್ಪು. ಆ ಚೌಕಟ್ಟಿನಲ್ಲಿ ಸೊನ್ನೆಯನ್ನು ವಾಲಿಸುವ ಅಗತ್ಯವೂ ಇರಲ್ಲ.